‘ಶಾಪ’ದ ಪ್ರಸಂಗವನ್ನು ಎಸಿ ಹಾಲ್‌ನಲ್ಲಿ ಆಡುವ ಮುಂಚೆ ಇದನ್ನು ಓದಿ

ಮುಂಬೈಯ ಹವ್ಯಾಸಿ ಯಕ್ಷಗಾನ ತಂಡಗಳ ನಡುವೆ ಒಂದು ಕಾಲ್ಪನಿಕ ಪ್ರಸಂಗದ ಪ್ರತಿ ಕೈಯಿಂದ ಕೈಗೆ ಹೋಗುತ್ತಿದೆ. ಯಾವ ಪುರಾಣದಲ್ಲೂ ಇಲ್ಲದ ಒಂದು ದ್ವೀಪರಾಜ್ಯ, ಅಲ್ಲಿನ ಆಸ್ಥಾನದಲ್ಲಿ ಹಾಡಬಾರದೆಂದು ಬೀಗ ಹಾಕಿಟ್ಟ ಗೀತನಾಟಕ. ಅದರ ಕೊನೆಯ ಪದ್ಯ ಹಾಡಿದ ಗಾಯಕಿ ಸಾಯುತ್ತಾಳೆ, ಬೆಂಕಿಯ ನಡುವಿನಿಂದ ರಕ್ಕಸ ಏಳುತ್ತಾನೆ. ಪದ್ಯಗಳು ಸೊಗಸಾಗಿವೆ, ಆಡಬೇಕೆಂಬ ಆಸೆ ಯಾರಿಗಾದರೂ ಬಂದೀತು.

ಉಪನಗರದ ಒಂದು ಎಸಿ ಸಭಾಗೃಹದಲ್ಲಿ ಇದನ್ನು ಆಡಿದಾಗ ಆ ಒಂದೇ ದೃಶ್ಯದಲ್ಲಿ ಮೂರು ಅನಾಹುತಗಳಾದವು. ತಾರಸ್ಥಾಯಿಯಲ್ಲಿ, ಪದ್ಯ ಹಾಡುವ ಭಾಗವತರ ಸ್ವರ ಒಡೆಯಿತು. ಸತ್ತು ಮಲಗಿದ್ದ ಗಾಯಕಿಯ ವೇಷಧಾರಿ ತೆರೆ ಎಳೆದ ಮೇಲೂ ಏಳಲಿಲ್ಲ, ಉಸಿರಿಗೆ ಒದ್ದಾಡುತ್ತಿದ್ದರು. ರಕ್ಕಸನ ಪಾತ್ರದ ಬಣ್ಣದ ವೇಷದವರು ಧಿಗಿಣದಲ್ಲಿ, ಅಂದರೆ ಸುತ್ತಿ ಹಾರುವ ಕುಣಿತದಲ್ಲಿ ಜಾರಿ, ದೊಂದಿ ಹಿಡಿದಿದ್ದ ಕೈ ಸುಟ್ಟುಕೊಂಡರು. ವೇಷ ಕಟ್ಟುವ ಚೌಕಿಯಲ್ಲಿ ಕೂಡಲೇ ಮಾತು ಹುಟ್ಟಿತು: “ಈ ಪ್ರಸಂಗಕ್ಕೆ ದೋಷ ಉಂಟು ಮಾರಾಯ್ರೆ, ಪ್ರಶ್ನೆ ಇಡಿಸಬೇಕು.” ಚೌಕಿ ಪೂಜೆ ಮಾಡಿ, ಜ್ಯೋತಿಷಿಯಿಂದ ಪ್ರಶ್ನೆ ಬೇಕಾದರೆ ಅದನ್ನೂ ಇಡಿಸಿ. ಆದರೆ ಮೂರಕ್ಕೂ ಕಾರಣ ಕಣ್ಣೆದುರೇ ಇತ್ತು. ಅದನ್ನು ಸರಿಪಡಿಸದೆ ಆಡಿದರೆ ಮುಂದಿನ ತಂಡಕ್ಕೂ ಇದೇ ಗತಿ.

ಮೊದಲು ರಾಳ, ಅಂದರೆ ಮರದ ಒಣಗಿದ ಅಂಟು. ಬಯಲಾಟದಲ್ಲಿ ಮಹಿಷಾಸುರನ ಪ್ರವೇಶಕ್ಕೆ ದೊಂದಿಗೆ ರಾಳದ ಪುಡಿ ಎರಚಿದರೆ ಜ್ವಾಲೆ ನೇರ ಆಕಾಶಕ್ಕೆ ಏಳುತ್ತದೆ. ಅಲ್ಲಿ ಮೇಲೆ ಏನೂ ಇಲ್ಲ. ಹಾಲ್‌ನ ರಂಗದ ಮೇಲ್ಗಡೆ ಪಾಲಿಯೆಸ್ಟರ್ ಝಾಲರುಗಳು ತೂಗುತ್ತವೆ, ಪಕ್ಕದಲ್ಲಿ ವಿಂಗ್‌ನ ಪರದೆಗಳಿವೆ, ಎಸಿಯ ಗಾಳಿ ಜ್ವಾಲೆಯನ್ನು ಅಡ್ಡಕ್ಕೆ ತಳ್ಳುತ್ತದೆ. ರಾಳದ ಗಟ್ಟಿಗೆ ಬೆಂಕಿ ಇಟ್ಟರೆ ನಿಧಾನಕ್ಕೆ ಉರಿಯುತ್ತದೆ. ಅದೇ ರಾಳ ನುಣ್ಣಗಿನ ಪುಡಿಯಾಗಿ ಗಾಳಿಯಲ್ಲಿ ಹರಡಿದರೆ ಕಣಕಣದ ಸುತ್ತಲೂ ಗಾಳಿ ಸಿಕ್ಕಿ ಇಡೀ ಮೋಡವೇ ಒಮ್ಮೆಗೆ ಭುಗಿಲೇಳುತ್ತದೆ. ಮುಂಬೈಯ ತೇವಕ್ಕೆ ಪುಡಿ ಗಂಟುಕಟ್ಟುತ್ತದೆ ಎಂದು ಅದನ್ನು ಒಣಗಿಸಿ, ಮತ್ತೆ ಅರೆದು, ಬಟ್ಟೆಯಲ್ಲಿ ಸೋಸುತ್ತಾರೆ. ಹೀಗೆ ಮಾಡಿದಷ್ಟೂ ಅದರ ರಭಸ ಹೆಚ್ಚು. ಊರಿನಲ್ಲಿ ಹಿಡಿಗಟ್ಟಲೆ ಎರಚಿ ರೂಢಿಯಾದ ಕೈಗೆ ಹಾಲ್‌ನ ಅಳತೆ ತಿಳಿಯುವುದಿಲ್ಲ.

ಇನ್ನೊಂದು ಕೇಡೆಂದರೆ ರಾಳ ಕರಗಿ ಚರ್ಮಕ್ಕೆ ಅಂಟುತ್ತದೆ, ಅಂಟಿದಲ್ಲೇ ಬೇಯಿಸುತ್ತದೆ. ಆ ದಿನ ಅಂಟಿದ್ದನ್ನು ಯಾರೋ ಕಿತ್ತರು, ಜೊತೆಗೆ ಚರ್ಮವೂ ಬಂತು. ಕೀಳಬಾರದು. ಸುಟ್ಟ ಜಾಗಕ್ಕೆ 20 ನಿಮಿಷ ಹರಿಯುವ ತಣ್ಣೀರು ಬಿಡಿ. ಐಸ್, ತುಪ್ಪ, ಟೂತ್‌ಪೇಸ್ಟ್ ಯಾವುದೂ ಬೇಡ. ಕೈ ಬಾತುಕೊಳ್ಳುವ ಮುಂಚೆ ಕೈಕಟ್ಟು, ತೋಳುಕಟ್ಟು, ಉಂಗುರ ಬಿಚ್ಚಿ, ಅಂಟಿದ ರಾಳವನ್ನು ಡಾಕ್ಟರಿಗೆ ಬಿಟ್ಟು ಆಸ್ಪತ್ರೆಗೆ ಕರೆದೊಯ್ಯಿರಿ. ಬಣ್ಣದ ವೇಷದ ಕಟ್ಟುಗಳನ್ನು ಅವಸರದಲ್ಲಿ ಬಿಚ್ಚಲಾಗದು, ಹಾಗಾಗಿ ವಿಂಗ್‌ನಲ್ಲಿ ದಪ್ಪ ಕತ್ತರಿ ಇರಲೇಬೇಕು.

ನಮ್ಮ ಸಲಹೆ ಇಷ್ಟೇ: ಮುಚ್ಚಿದ ಹಾಲ್‌ನಲ್ಲಿ ರಾಳವೂ ಬೇಡ, ದೊಂದಿಯೂ ಬೇಡ. ತೆಳು ರೇಷ್ಮೆಯ ಪಟ್ಟಿಗಳನ್ನು ಕೆಳಗೆ ಚೌಕಟ್ಟಿಗೆ ಕಟ್ಟಿ, ಟೇಬಲ್ ಫ್ಯಾನ್ ಗಾಳಿ ಬಿಟ್ಟು, ಬುಡದಿಂದ ಹಳದಿ ಮತ್ತು ಕೆಂಪು ಎಲ್‌ಇಡಿ ಬೆಳಕು ಹಾಯಿಸಿದರೆ ದೂರದವರಿಗೆ ಜ್ವಾಲೆಯೇ ಕಾಣುತ್ತದೆ. ಚೆಂಡೆ ಸರಿಯಾಗಿ ಬಿದ್ದರೆ ರಕ್ಕಸನ ಅಬ್ಬರಕ್ಕೆ ಕೊರತೆಯಾಗದು.

ಗಾಯಕಿಗೆ ಆದದ್ದು ಹೊಗೆಯಿಂದ. ನೆಲದಲ್ಲಿ ಹರಿಯುವ ಬಿಳಿ ಹೊಗೆಗಾಗಿ ಬಿಸಿನೀರಿಗೆ ಡ್ರೈ ಐಸ್ ಹಾಕಿದ್ದರು. ಅದು ಗಟ್ಟಿಯಾದ ಇಂಗಾಲದ ಡೈಆಕ್ಸೈಡ್, ಉಷ್ಣತೆ ಮೈನಸ್ 78 ಡಿಗ್ರಿ. ಒಂದು ಕಿಲೋದಿಂದ 500 ಲೀಟರಿಗೂ ಹೆಚ್ಚು ಅನಿಲ ಹೊರಡುತ್ತದೆ, ಅದು ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಭಾರವಾದದ್ದು ನೆಲದಲ್ಲೇ ನಿಲ್ಲುತ್ತದೆ, ಸತ್ತ ಪಾತ್ರ ಮಲಗುವುದೂ ಅಲ್ಲೇ. ನಿಂತವರಿಗೆ ಏನೂ ಅನಿಸುವುದಿಲ್ಲ, ಮಲಗಿದವರಿಗೆ ತಲೆನೋವು, ಏದುಸಿರು, ಆಮೇಲೆ ಪ್ರಜ್ಞೆ ತಪ್ಪುವುದು. ಗಾಯಕಿ ಎತ್ತರದ ಮಂಚದ ಮೇಲೆ ಸಾಯಲಿ, ಇಲ್ಲವೇ ಆ ಹೊಗೆಯನ್ನೇ ಬಿಟ್ಟುಬಿಡಿ. ಕಿಟಕಿ ಮುಚ್ಚಿದ ಕಾರಿನಲ್ಲಿ ಡ್ರೈ ಐಸ್ ತರುವುದು ಇದಕ್ಕಿಂತಲೂ ಅಪಾಯ.

ಧಿಗಿಣ ಜಾರಿದ್ದು ಬಾಡಿಗೆಯ ಫಾಗ್ ಮಷಿನ್‌ನಿಂದ. ಅದರ ದ್ರಾವಣ ಮೂತಿಯ ಮುಂದಿನ ನೆಲದಲ್ಲಿ ಕೂತು ಕಣ್ಣಿಗೆ ಕಾಣದ ಜಿಡ್ಡಾಗುತ್ತದೆ. ಮಷಿನ್ ಅನ್ನು ಪ್ರವೇಶದ ದಾರಿಯಿಂದ ದೂರ ಇಡಿ, ಕುಣಿಯುವ ಮುಂಚೆ ಒಣಬಟ್ಟೆಯಲ್ಲಿ ಒರೆಸಿ.

ಭಾಗವತರ ವಿಷಯಕ್ಕೆ ಬಂದರೆ ತಪ್ಪು ಪ್ರಸಂಗದ ಕಟ್ಟಿನಲ್ಲೇ ಇದೆ. ಸಾಮಾನ್ಯವಾಗಿ ಪದ್ಯವಾದ ಮೇಲೆ ವೇಷಧಾರಿ ಅರ್ಥ ಹೇಳುವಾಗ ಭಾಗವತರ ಗಂಟಲಿಗೆ ವಿರಾಮ ಸಿಗುತ್ತದೆ. ಇಲ್ಲಿ ‘ನಾಟಕದೊಳಗಿನ ನಾಟಕ’ ಎಂಬ ನೆಪದಲ್ಲಿ ಪದ್ಯದ ಮೇಲೆ ಪದ್ಯ, ಎಲ್ಲವೂ ಮೇಲಿನ ಸ್ಥಾಯಿಯಲ್ಲಿ, ನಡುವೆ ಮಾತೇ ಇಲ್ಲ. ಅದಕ್ಕೆ ಎಸಿಯ ಒಣಗಾಳಿ ಸೇರಿತು. ಹೊರಗಿನ ತೇವದಲ್ಲಿ ಶ್ರುತಿಗೆ ಕೂಡಿಸಿದ ಮದ್ದಳೆಯ ಚರ್ಮ ಒಳಗೆ ಒಣಗಿ ಬಿಗಿಯುತ್ತದೆ, ನಾದ ಮೇಲೇರುತ್ತದೆ. ಶ್ರುತಿಪೆಟ್ಟಿಗೆ ಒಂದು ಕಡೆ, ಮದ್ದಳೆ ಇನ್ನೊಂದು ಕಡೆ ಎಳೆದರೆ ಸ್ವರ ಎಲ್ಲಿ ನಿಂತೀತು? ವಾದ್ಯಗಳನ್ನು ಕನಿಷ್ಠ ಒಂದು ಗಂಟೆ ಮೊದಲೇ ರಂಗದ ಮೇಲಿಟ್ಟು, ಎಸಿ ಹಾಕಿಸಿಯೇ ಶ್ರುತಿ ಮಾಡಿ. ಸೆಷನ್ ಲೆಕ್ಕದಲ್ಲಿ ಹಾಲ್ ಸಿಗುವ ಈ ಊರಿನಲ್ಲಿ, ಹಿಂದಿನ ಮರಾಠಿ ನಾಟಕ ಮುಗಿಯುವುದು ತಡವಾದರೆ ಮೊದಲು ಕೈಬಿಡುವುದು ಇದನ್ನೇ. ಪದ್ಯಗಳನ್ನು ಇಬ್ಬರು ಭಾಗವತರು ದ್ವಂದ್ವದಲ್ಲಿ ಹಂಚಿಕೊಳ್ಳಲಿ, ಇಲ್ಲವೇ ನಡುವೆ ರಾಜನಿಗೆ ನಾಲ್ಕು ಮಾತು ಕೊಡಿ.

ಒಪೆರಾ ಲೋಕದಲ್ಲೂ ಹೀಗೇ ಆಗಿದೆ. 1881ರ ಡಿಸೆಂಬರ್ 8ರಂದು ವಿಯೆನ್ನಾದ ರಿಂಗ್ ಥಿಯೇಟರಿನಲ್ಲಿ ಆಫೆನ್‌ಬಾಖ್‌ನ ‘ಹಾಫ್‌ಮನ್‌ನ ಕಥೆಗಳು’ ಶುರುವಾಗುವ ಹೊತ್ತಿಗೆ ಬೆಂಕಿ ಬಿದ್ದು ನೂರಾರು ಜನ ಸತ್ತರು. ಆ ಒಪೆರಾಕ್ಕೆ ಅಪಶಕುನದ ಹೆಸರು ಬಂತು. ಬೆಂಕಿ ಹುಟ್ಟಿದ್ದು ರಂಗದ ಗ್ಯಾಸ್ ದೀಪ ಹೊತ್ತಿಸುವಾಗ, ಜನ ಸಿಕ್ಕಿಬಿದ್ದದ್ದು ಒಳಕ್ಕೆ ತೆರೆಯುವ ಬಾಗಿಲುಗಳ ಹಿಂದೆ. ನಿಮ್ಮ ಹಾಲ್‌ನ ಪಕ್ಕದ ಬಾಗಿಲುಗಳಿಗೆ ಬೀಗ ಬಿದ್ದಿದೆಯೇ ಎಂದು ಆಟಕ್ಕೆ ಮುಂಚೆ ನೀವೇ ಹೋಗಿ ತಳ್ಳಿ ನೋಡಿ. ಹೊಗೆ ಬಿಡುವುದಕ್ಕಾಗಿ ಸ್ಮೋಕ್ ಡಿಟೆಕ್ಟರ್ ಬಂದ್ ಮಾಡುತ್ತೇವೆ ಎಂದು ಹಾಲ್‌ನವರು ಹೇಳಿದರೆ ಒಪ್ಪಬೇಡಿ.

ಟಿಕೆಟ್ ಇಟ್ಟು ಆಡುವವರು ಮಹಾರಾಷ್ಟ್ರದ ರಂಗಭೂಮಿ ಪ್ರಯೋಗ ಪರಿನಿರೀಕ್ಷಣ ಮಂಡಳಿಯ ಪ್ರಮಾಣಪತ್ರ ಸಿಕ್ಕಿತೆಂದು ನಿಶ್ಚಿಂತರಾಗಬಾರದು. ಅವರು ನೋಡುವುದು ಸಾಹಿತ್ಯ. ಹೊಗೆಗೆ ಹಾಲ್‌ನವರ ಒಪ್ಪಿಗೆಯನ್ನು ಬರಹದಲ್ಲೇ ಪಡೆಯಿರಿ.

ಓಡಾಡುತ್ತಿರುವ ಪ್ರತಿಯಲ್ಲಿ ಆ ದೃಶ್ಯದ ಪಕ್ಕ ದೊಂದಿ, ರಾಳ, ನೆಲದ ಹೊಗೆ ಎಂಬ ಸೂಚನೆ ಹಾಗೆಯೇ ಇದೆ. ಅದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಕಾರಣವನ್ನು ಅಂಚಿನಲ್ಲಿ ಬರೆದು, ಆಮೇಲೆಯೇ ಪ್ರತಿಯನ್ನು ಇನ್ನೊಂದು ತಂಡದ ಕೈಗೆ ಕೊಡಿ.