ಒಂದೇ ಮೈಸೂರು, ಮೂರು ಬಗೆ: ಯುದ್ಧನೌಕೆ ಬಿಡಿಸಲು ಫಿಲ್ಮ್, ಪಿಕ್ಸೆಲ್, ವೆಕ್ಟರ್

ಐಎನ್‌ಎಸ್ ಮೈಸೂರು ಎಂಬ ಹಳೆಯ ಕ್ರೂಸರ್ ಹಡಗನ್ನು ನಾನು ಮೂರು ಸಲ ಬಿಡಿಸಿದ್ದೇನೆ. ಮೊದಲು ಡ್ರಾಫ್ಟಿಂಗ್ ಫಿಲ್ಮ್ (ನಕ್ಷೆ ಬಿಡಿಸುವ ಅರೆಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಮೇಲೆ ಶಾಯಿಯಲ್ಲಿ, ಆಮೇಲೆ ಕಂಪ್ಯೂಟರಿನಲ್ಲಿ ಒಂದೊಂದೇ ಪಿಕ್ಸೆಲ್ ಜೋಡಿಸಿ, ಕೊನೆಗೆ ಇಂಕ್‌ಸ್ಕೇಪ್ ಎಂಬ ತಂತ್ರಾಂಶದಲ್ಲಿ ವೆಕ್ಟರ್ ಗೆರೆಗಳಿಂದ, ಅಂದರೆ ಎಷ್ಟು ಹಿಗ್ಗಿಸಿದರೂ ಒಡೆಯದ ಗೆರೆಗಳಿಂದ. ಬೆಳಗಾವಿಯಲ್ಲಿ ಕುಳಿತು ಹಡಗು ಬಿಡಿಸುವವರು ವಿರಳ. ಆದರೂ ಈ ವರ್ಷ ನಮ್ಮ ಓಣಿಯ ಇಬ್ಬರು ಹುಡುಗರು ಯಾವುದರಿಂದ ಶುರು ಮಾಡುವುದು ಎಂದು ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಈ ಹಡಗನ್ನು ಆರಿಸಿಕೊಂಡದ್ದು ಹೆಸರಿನ ಅಭಿಮಾನದಿಂದ. 1940ರಲ್ಲಿ ಬ್ರಿಟಿಷ್ ನೌಕಾಪಡೆಗೆ ಎಚ್‌ಎಂಎಸ್ ನೈಜೀರಿಯಾ ಆಗಿ ಸೇರಿದ ಹಡಗು ಇದು. ಭಾರತ ಅದನ್ನು ಕೊಂಡು, ದುರಸ್ತಿ ಮಾಡಿಸಿ, 1957ರಲ್ಲಿ ಮೈಸೂರು ಎಂದು ಹೆಸರಿಟ್ಟಿತು. 1971ರ ಯುದ್ಧದಲ್ಲಿ ಪಶ್ಚಿಮ ನೌಕಾದಳದ ಧ್ವಜನೌಕೆ (ದಳದ ಮುಖ್ಯಸ್ಥರಿರುವ ಹಡಗು) ಆಗಿತ್ತು, 1985ರಲ್ಲಿ ನಿವೃತ್ತಿಯಾಯಿತು. ಉದ್ದ 555 ಅಡಿ 6 ಅಂಗುಲ, ಅಂದರೆ 169.3 ಮೀಟರ್. ನೆಟ್ಟಗೆ ನಿಂತ ಎರಡು ಹೊಗೆಕೊಳವೆಗಳು, ಕತ್ತರಿಸಿದಂತೆ ಚಪ್ಪಟೆಯಾದ ಹಿಂತುದಿ. ಒಮ್ಮೆ ಕಂಡರೆ ಮರೆಯದ ರೂಪ.

ಫಿಲ್ಮ್ ಕೆಲಸದಲ್ಲಿ ಮೊದಲು ಎದುರಾಗುವುದು ಹಾಳೆಯ ಅಳತೆ. 1:400 ಪ್ರಮಾಣದಲ್ಲಿ ಈ ಹಡಗು 42.3 ಸೆಂಟಿಮೀಟರ್ ಆಗುತ್ತದೆ. ಎ3 ಹಾಳೆಯ ಉದ್ದ 42. ಮೂರು ಮಿಲಿಮೀಟರ್‌ಗಾಗಿ 1:500ಕ್ಕೆ ಇಳಿಯಬೇಕಾಯಿತು. ಅಲ್ಲಿ ಒಂದು ಮಿಲಿಮೀಟರ್ ಎಂದರೆ ಅರ್ಧ ಮೀಟರ್, ಹಾಗಾಗಿ ಗ್ರಾಫ್ ಹಾಳೆಯ ಮೇಲೆ ಲೆಕ್ಕ ಬಲು ಸಲೀಸು. ಪೆನ್ಸಿಲಿನಲ್ಲಿ ಗ್ರಾಫ್ ಮೇಲೆ ಬಿಡಿಸಿ, ಅದರ ಮೇಲೆ ಫಿಲ್ಮ್ ಹಾಸಿ ಶಾಯಿ ಎಳೆಯುವುದು ನನ್ನ ಪದ್ಧತಿ. ಟ್ರೇಸಿಂಗ್ ಪೇಪರ್ ಸಾಲದೇ ಎಂದು ಕೇಳುವವರಿಗೆ ನಮ್ಮೂರಿನ ಜುಲೈ ತಿಂಗಳೇ ಉತ್ತರ. ಮಳೆ ಹಿಡಿದ ವಾರದಲ್ಲಿ ಟ್ರೇಸಿಂಗ್ ಪೇಪರಿನಲ್ಲಿ ಅರ್ಧ ಬಿಡಿಸಿ ಮಲಗಿದೆ. ಬೆಳಗ್ಗೆ ನೋಡಿದರೆ ಹಾಳೆ ತೇವ ಹೀರಿ ಹಿಗ್ಗಿ, ಶಾಯಿಯ ಗೆರೆ ಕೆಳಗಿನ ಪೆನ್ಸಿಲ್ ಗೆರೆಯಿಂದ ಸರಿದಿತ್ತು. ಪಾಲಿಯೆಸ್ಟರ್ ಫಿಲ್ಮ್ ಹಾಗೆ ಹಿಗ್ಗುವುದಿಲ್ಲ. ವಿಜಯಪುರದ ಅತ್ತೆಯ ಮನೆಗೆ ಏಪ್ರಿಲ್‌ನಲ್ಲಿ ಒಯ್ದಾಗ ಸಮಸ್ಯೆ ತಿರುವುಮುರುವು: 0.1 ಮಿಲಿಮೀಟರ್ ಪೆನ್ನಿನ ತುದಿಯಲ್ಲಿ ಶಾಯಿ ಒಣಗಿ, ಎರಡು ಗೆರೆಗೊಮ್ಮೆ ಪೆನ್ನು ಕೊಡವಬೇಕಾಗಿತ್ತು.

ಎರಡು ತಿಂಗಳ ಸಂಜೆಗಳು ಹಿಡಿದವು. ಮುಗಿಸಿದ ಚಿತ್ರವನ್ನು ಖಾನಾಪುರದ ಕಡೆಯ ಒಬ್ಬ ನಿವೃತ್ತ ನಾವಿಕರಿಗೆ ತೋರಿಸಿದೆ. ಯೌವನದಲ್ಲಿ ಅದೇ ಹಡಗಿನಲ್ಲಿ ದುಡಿದವರು. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

“ತಮ್ಮಾ, ಇದು ನಮ್ಮ ಮೈಸೂರು ಅಲ್ಲ. ಹಿಂಭಾಗದಲ್ಲಿ ಒಂದೇ ಟರೆಟ್ ಇತ್ತು.”

“ನಕ್ಷೆಯಲ್ಲಿ ಎರಡು ಇವೆಯಲ್ಲ ಕಾಕಾ?”

“ನಕ್ಷೆ ಯಾವ ವರ್ಷದ್ದು?”

ನಕ್ಷೆ ನೈಜೀರಿಯಾದ್ದು. ಟರೆಟ್ ಎಂದರೆ ಫಿರಂಗಿಗಳನ್ನು ಹೊತ್ತು ತಿರುಗುವ ಗೋಪುರ. ಕಟ್ಟಿದಾಗ ನಾಲ್ಕು ಟರೆಟ್, ಹನ್ನೆರಡು ಫಿರಂಗಿ. ಮೈಸೂರು ಆದಾಗ ಮೂರು ಟರೆಟ್, ಒಂಬತ್ತು ಫಿರಂಗಿ. ಮುಂದೆ ಎರಡು, ಹಿಂದೆ ಒಂದು. ಮುಕ್ಕಾಲಿಯಂತಿದ್ದ ಕೂವೆಮರಗಳ ಜಾಗದಲ್ಲಿ ಜಾಲರಿ ಕಂಬಗಳು ಬಂದಿದ್ದವು. ಬ್ಲೇಡಿನಿಂದ ಟರೆಟ್ಟನ್ನು ಕೆರೆದು ತೆಗೆದೆ. ಫಿಲ್ಮಿನ ತರಿ ಮೇಲ್ಮೈ ಅಲ್ಲಿ ನುಣುಪಾಯಿತು. ಹೊಸ ಗೆರೆ ಎಳೆದಾಗ ಶಾಯಿ ಹಿಡಿಯದೆ ಹನಿಹನಿಯಾಗಿ ಕೂಡಿಕೊಂಡಿತು. ಬೆಳಕಿಗೆ ಹಿಡಿದರೆ ಆ ಕಲೆ ಇಂದಿಗೂ ಕಾಣುತ್ತದೆ.

ಪಿಕ್ಸೆಲ್ ಚಿತ್ರಕ್ಕೆ ನಾನು ಬಳಸಿದ ಪ್ರಮಾಣ ಅಡಿಗೆ ಎರಡು ಪಿಕ್ಸೆಲ್. ಮೈಸೂರು 1,111 ಪಿಕ್ಸೆಲ್ ಉದ್ದ ಬರುತ್ತದೆ. ಮುಖ್ಯ ಫಿರಂಗಿಯ ಬಾಯಿ ಆರು ಅಂಗುಲ, ಅಂದರೆ ಸರಿಯಾಗಿ ಒಂದು ಪಿಕ್ಸೆಲ್. ಮಾಮೂಲಿ ಪೇಂಟ್ ತಂತ್ರಾಂಶ ಸಾಕು, ಹಳೆಯ ಲ್ಯಾಪ್‌ಟಾಪ್ ಸಾಕು, ತಪ್ಪನ್ನು ಒಂದು ಕ್ಲಿಕ್ಕಿನಲ್ಲಿ ಅಳಿಸಬಹುದು. ಹನ್ನೆರಡು ಸಂಜೆಯಲ್ಲಿ ಮುಗಿಸಿದೆ. ನೆಟ್ಟಗಿನ ಹೊಗೆಕೊಳವೆ, ಚಪ್ಪಟೆ ಹಿಂತುದಿ ಈ ಚೌಕಗಳಿಗೆ ಹೇಳಿ ಮಾಡಿಸಿದಂತಿವೆ. ಕಷ್ಟವಿರುವುದು ಮುಂತುದಿಯ ಕಡೆಗೆ ಏರುವ ಡೆಕ್ಕಿನ ಬಾಗಿನಲ್ಲಿ. ಆ ಬಾಗು ಮೆಟ್ಟಿಲಾಗುತ್ತದೆ, ಮೆಟ್ಟಿಲುಗಳ ಉದ್ದ ಒಂಬತ್ತು, ಎಂಟು, ಏಳು ಎಂದು ಕ್ರಮವಾಗಿ ಇಳಿಯಬೇಕು. ಎಂಟು, ಒಂಬತ್ತು, ಏಳು ಎಂದಾಯಿತೋ, ಡೆಕ್ಕಿನಲ್ಲಿ ಗುಬುಟು ಎದ್ದಂತೆ ಕಣ್ಣಿಗೆ ಬೀಳುತ್ತದೆ. ಇನ್ನು ಕಟಕಟೆಯ ತಂತಿ, ಜಾಲರಿ ಕಂಬದ ಸರಳು ಎಲ್ಲವೂ ಹದಿನೈದು ಸೆಂಟಿಮೀಟರ್ ದಪ್ಪವಾಗುತ್ತವೆ. ಕಂಬ ಹಗುರವಾಗಿ ಕಾಣಬೇಕಾದ ಕಡೆ ಗೋಡೆಯಂತೆ ಕಾಣುತ್ತದೆ. ತೆಳು ಬೂದು ಬಣ್ಣ ಕೊಟ್ಟು ಸ್ವಲ್ಪ ಸುಧಾರಿಸಿದೆ, ಅಷ್ಟೇ.

ವೆಕ್ಟರ್‌ನಲ್ಲಿ ಹಡಗನ್ನು ನಿಜವಾದ ಮೀಟರ್ ಲೆಕ್ಕದಲ್ಲೇ ಬಿಡಿಸಬಹುದು. ನನ್ನ ಮಟ್ಟಿಗೆ ಇದೇ ಗೆದ್ದಿತು, ಕಾರಣ ಪದರಗಳು. ಒಡಲು ಒಂದು ಪದರ, 1940ರ ರೂಪ ಒಂದು, 1957ರದ್ದು ಒಂದು, 1971ರದ್ದು ಒಂದು. ಹೊಸ ಛಾಯಾಚಿತ್ರ ಸಿಕ್ಕಿದಾಗ ಆ ವರ್ಷದ ಪದರವನ್ನು ಮಾತ್ರ ತಿದ್ದುತ್ತೇನೆ. ಮೂರು ಫಿರಂಗಿಗಳ ಟರೆಟ್ಟಿನಲ್ಲಿ ನಡುವಿನದು 30 ಅಂಗುಲ ಹಿಂದೆ ಕೂತಿರುತ್ತದೆ; ಒಟ್ಟಿಗೆ ಹಾರಿಸಿದಾಗ ಗುಂಡುಗಳು ಒಂದರ ದಾರಿಯನ್ನು ಇನ್ನೊಂದು ಕೆಡಿಸದಿರಲಿ ಎಂದು. ಫಿಲ್ಮಿನ ಮೇಲುನೋಟದಲ್ಲಿ ಅದು ಒಂದೂವರೆ ಮಿಲಿಮೀಟರ್, ಕೈ ನಡುಗಿದರೆ ಹೋಯಿತು. ವೆಕ್ಟರ್‌ನಲ್ಲಿ 76 ಸೆಂಟಿಮೀಟರ್ ಎಂದು ಬರೆದರೆ ಮುಗಿಯಿತು. ಒಂದು ಟರೆಟ್ ಸರಿಯಾಗಿ ಬಿಡಿಸಿ ಮೂರು ಕಡೆ ಇಡಬಹುದು. ಅದೇ ಕಡತವನ್ನು ಎ2 ಹಾಳೆಯಲ್ಲಿ 1:350ಕ್ಕೆ ಮುದ್ರಿಸಿದರೆ 48 ಸೆಂಟಿಮೀಟರ್ ಉದ್ದದ ಚಿತ್ರ ಗೋಡೆಗೆ ಸಿದ್ಧ.

ಆದರೆ ಇಲ್ಲಿ ಆಮಿಷ ದೊಡ್ಡದು. ಹಿಗ್ಗಿಸಿದಷ್ಟೂ ಜಾಗ ಸಿಗುತ್ತದೆ, ಸಿಕ್ಕ ಜಾಗಕ್ಕೆ ಊಹೆಯ ಬಾಗಿಲು, ಊಹೆಯ ಏಣಿ ಸೇರಿಸಲು ಮನಸ್ಸು ಎಳೆಯುತ್ತದೆ. ಎರಡು ಛಾಯಾಚಿತ್ರಗಳಲ್ಲಿ ಕಾಣದ ಯಾವುದನ್ನೂ ಬಿಡಿಸುವುದಿಲ್ಲ ಎಂದು ನಿಯಮ ಹಾಕಿಕೊಂಡಿದ್ದೇನೆ. ಒಡಲಿನ ಬಾಗುಗಳನ್ನು ಮಾತ್ರ ಈಗಲೂ ಮೊದಲು ಗ್ರಾಫ್ ಹಾಳೆಯಲ್ಲಿ, ಪೆನ್ಸಿಲಿನಲ್ಲೇ ಎಳೆಯುತ್ತೇನೆ. ಮೌಸ್ ಹಿಡಿದ ಕೈಗೆ ಬಾಗಿನ ಬಿಗಿ ತಿಳಿಯುವುದಿಲ್ಲ. ಫ್ರೆಂಚ್ ಕರ್ವ್ ಎಂಬ ಬಾಗುಪಟ್ಟಿಯನ್ನು ಒತ್ತಿ ಹಿಡಿದ ಬೆರಳಿಗೆ ತಿಳಿಯುತ್ತದೆ.

ಆ ಹುಡುಗರಿಗೆ ನಾನು ಹೇಳಿದ್ದು ಪಿಕ್ಸೆಲ್. ಖರ್ಚಿಲ್ಲ, ಬೇಗ ಫಲ ಕಾಣುತ್ತದೆ, ಹಡಗಿನ ಪ್ರಮಾಣ ಕಣ್ಣಿಗೆ ಕೂರುತ್ತದೆ. ಜೊತೆಗೆ ಕಾರವಾರದ ಕಡಲತೀರದಲ್ಲಿ ನಿಲ್ಲಿಸಿರುವ ಚಪಲ್ ಕ್ಷಿಪಣಿ ದೋಣಿಗೆ ಒಂದು ದಿನ ಟೇಪು ಹಿಡಿದು ಹೋಗಿ ಬನ್ನಿ ಎಂದೆ. ಕಟಕಟೆ ಎಷ್ಟು ಎತ್ತರ, ಬಾಗಿಲು ಎಷ್ಟು ಅಗಲ ಎಂದು ಕೈಯಾರೆ ಅಳೆದವರು ಬೇರೆ ಹಡಗಿನ ಛಾಯಾಚಿತ್ರವನ್ನೂ ಅದರಿಂದಲೇ ಅಳೆಯಬಲ್ಲರು.

ಕಳೆದ ತಿಂಗಳು 1971ರ ಪದರವನ್ನು ಮುದ್ರಿಸಿ ಕಾಕಾ ಅವರಿಗೆ ಕೊಟ್ಟೆ. ಟರೆಟ್ ಎಣಿಸಿದರು, ತಲೆಯಾಡಿಸಿದರು. ಆಮೇಲೆ ಪೆನ್ಸಿಲ್ ಕೇಳಿ, ಹಿಂದಿನ ಹೊಗೆಕೊಳವೆಯ ಬಳಿಯ ಒಂದು ದೋಣಿಗೆ ಸುತ್ತು ಹಾಕಿ, ಇನ್ನೂ ಸ್ವಲ್ಪ ಮುಂದಕ್ಕೆ ಎಂದರು. ಅಂದು ರಾತ್ರಿಯೇ ಆ ವರ್ಷದ ಇನ್ನೆರಡು ಛಾಯಾಚಿತ್ರ ತೆಗೆದು ನೋಡಿದೆ. ದೋಣಿಯನ್ನು ಮುಂದಕ್ಕೆ ಸರಿಸಿದ್ದೇನೆ.