ಮರದ ಹಲಗೆಯಡಿಯ ವೈರ್‌ಲೆಸ್ ಚಾರ್ಜರ್: ಅಂಟಿಸುವುದೋ, ಕೊರೆಯುವುದೋ, ತೂತು ಹೊಡೆಯುವುದೋ?

ಮೇಜಿನ ಮೇಲೆ ಏನೂ ಕಾಣಬಾರದು, ಫೋನ್ ಇಟ್ಟರೆ ಸಾಕು ಚಾರ್ಜ್ ಆಗಬೇಕು. ಈ ಆಸೆ ತೀರಿಸಿಕೊಳ್ಳಲು ಮೂರು ದಾರಿಗಳಿವೆ. ದಪ್ಪ ಹಲಗೆಯ ಆಚೆಯಿಂದಲೂ ಕೆಲಸ ಮಾಡುವ 'ಲಾಂಗ್ ಡಿಸ್ಟೆನ್ಸ್' ಚಾರ್ಜರನ್ನು ಅಡಿಗೆ ಅಂಟಿಸುವುದು ಒಂದು. ಹಲಗೆಯನ್ನು ಅಡಿಯಿಂದ ಕೊರೆದು, ಮಾಮೂಲಿ ಪ್ಯಾಡನ್ನೇ ಆ ಗುಳಿಯಲ್ಲಿ ಕೂರಿಸುವುದು ಇನ್ನೊಂದು. ಮೇಲಿನಿಂದಲೇ ದುಂಡಗೆ ತೂತು ಹೊಡೆದು, ಮೇಜಿನ ಮಟ್ಟಕ್ಕೆ ಸರಿಯಾಗಿ ಬಿಲ್ಲೆಯಂಥ ಚಾರ್ಜರ್ ಕೂರಿಸುವುದು ಮೂರನೆಯದು.

ಮೂರನ್ನೂ ಮನೆಯಲ್ಲಿ ಹಾಕಿ ನೋಡಿದ್ದೇನೆ. ಆಫೀಸು ಕೆಲಸದ ಪ್ಲೈವುಡ್ ಮೇಜು, ಹಾಲಿನ ತೇಗದ ಟೀಪಾಯಿ, ಅಜ್ಜನ ಕಾಲದ ಬೀಟೆ ಮೇಜು, ಮೂರರ ಮೇಲೂ ಪ್ರಯೋಗ ನಡೆದಿದೆ. ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ: ಪೀಠೋಪಕರಣ ನಿಮ್ಮದೇ ಆಗಿದ್ದು, ಮರ ಗಟ್ಟಿಯಾಗಿದ್ದರೆ ಕೊರೆಸಿ. ಉಳಿದವು ಕೊರೆಯಲು ಆಗದ ಕಡೆಗೆ.

ಇದರ ಒಳಗುಟ್ಟು ಸರಳ. ಪ್ಯಾಡಿನೊಳಗೆ ತಾಮ್ರದ ತಂತಿಯ ಸುರುಳಿ, ಫೋನಿನ ಬೆನ್ನಲ್ಲಿ ಇನ್ನೊಂದು. ಪ್ಯಾಡಿನ ಸುರುಳಿಯಲ್ಲಿ ಕರೆಂಟು ಸೆಕೆಂಡಿಗೆ ಲಕ್ಷಕ್ಕೂ ಹೆಚ್ಚು ಸಲ ದಿಕ್ಕು ಬದಲಿಸುತ್ತದೆ. ಅದರಿಂದ ಹುಟ್ಟುವ ಆಯಸ್ಕಾಂತ ಕ್ಷೇತ್ರ ಫೋನಿನ ಸುರುಳಿಯಲ್ಲಿ ಕರೆಂಟು ಎಬ್ಬಿಸುತ್ತದೆ. ಮರ ಇದಕ್ಕೆ ಅಡ್ಡಿಯೇ ಅಲ್ಲ. ತೇಗ, ಬೀಟೆ, ಹಲಸು ಯಾವುದಾದರೂ ಸರಿ, ಆ ಕ್ಷೇತ್ರದ ಮಟ್ಟಿಗೆ ಗಾಳಿಗೂ ಮರಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಅಡ್ಡಿಯಾಗುವುದು ದೂರ. ಸುರುಳಿಯ ಅಗಲ ಸುಮಾರು 4-5 ಸೆಂಟಿಮೀಟರ್. ಅಂತರ ಅದರ ಅರ್ಧದಷ್ಟಾಗುವ ಹೊತ್ತಿಗೆ ಎರಡರ ನಡುವಿನ ಹಿಡಿತ ತುಂಬಾ ಸಡಿಲವಾಗಿರುತ್ತದೆ.

ವೈರ್ ಇಲ್ಲದ ಚಾರ್ಜಿಂಗಿಗೆ ನಾವು ಬಳಸುವ ಕ್ಯೂಐ (Qi) ಪದ್ಧತಿ 2008ರಲ್ಲಿ ಶುರುವಾದ, ಕಂಪನಿಗಳ ಒಕ್ಕೂಟವಾದ ವೈರ್‌ಲೆಸ್ ಪವರ್ ಕನ್ಸೋರ್ಷಿಯಂನದು. 2017ರಲ್ಲಿ ಐಫೋನ್ 8ಕ್ಕೂ ಅದು ಬಂದಮೇಲೆ ಎಲ್ಲ ಕಡೆ ಹಬ್ಬಿತು. ಮಾಮೂಲಿ ಕ್ಯೂಐ ಪ್ಯಾಡಿನ ಲೆಕ್ಕವೆಲ್ಲ ಕೆಲವೇ ಮಿಲಿಮೀಟರ್ ಅಂತರಕ್ಕೆ. ಅದರಲ್ಲಿ ಫೋನಿನ ಕವರು ಒಂದೆರಡು ಮಿ.ಮೀ. ತಿನ್ನುತ್ತದೆ. ಕ್ಯಾಮೆರಾ ಉಬ್ಬಿನಿಂದ ಫೋನ್ ಓರೆಯಾಗಿ ಕೂತು ಇನ್ನೊಂದಿಷ್ಟು ಹೋಗುತ್ತದೆ. ಉಳಿದದ್ದಷ್ಟೇ ಮರದ ಪಾಲು. ಹಾಗಾಗಿ 18 ಮಿ.ಮೀ. ಪ್ಲೈವುಡ್ ಅಡಿಗೆ ಮಾಮೂಲಿ ಪ್ಯಾಡ್ ಅಂಟಿಸಿದರೆ ಫೋನಿಗೆ ಗೊತ್ತೇ ಆಗುವುದಿಲ್ಲ.

ಅಂಟಿಸುವ ದಾರಿ

ಲಾಂಗ್ ಡಿಸ್ಟೆನ್ಸ್ ಚಾರ್ಜರುಗಳಲ್ಲಿ ಸುರುಳಿ ದೊಡ್ಡದು, ಕೊಡುವ ವೋಲ್ಟೇಜೂ ಜಾಸ್ತಿ. ಅದಕ್ಕೇ ತಮ್ಮದೇ ಅಡಾಪ್ಟರ್ ಜೊತೆ ಬರುತ್ತವೆ. ಕೊಳ್ಳುವಾಗ ಎಲ್ಲರೂ ಎಷ್ಟು ದಪ್ಪದವರೆಗೆ ಕೆಲಸ ಮಾಡುತ್ತದೆ ಅಂತ ನೋಡುತ್ತಾರೆ, ಕನಿಷ್ಠ ದಪ್ಪ ಎಷ್ಟಿರಬೇಕು ಅನ್ನುವುದನ್ನು ನೋಡುವುದಿಲ್ಲ. ಎರಡೂ ಮುಖ್ಯ. ಐಕಿಯಾ 2021ರಲ್ಲಿ ತಂದ ಸ್ಯೋಮಾರ್ಕೆ ಪ್ಯಾಡಿಗೆ 8ರಿಂದ 22 ಮಿ.ಮೀ. ದಪ್ಪದ ಮರ ಅಥವಾ ಪ್ಲಾಸ್ಟಿಕ್ ಹಲಗೆ ಬೇಕು. ಆನ್‌ಲೈನಿನಲ್ಲಿ ಸಿಗುವ ಕೆಲವು 15ರಿಂದ 30 ಮಿ.ಮೀ. ಅನ್ನುತ್ತವೆ. ಹಲಗೆ ಕನಿಷ್ಠಕ್ಕಿಂತ ತೆಳ್ಳಗಿದ್ದರೆ ಫೋನಿಗೆ ಜಾಸ್ತಿ ಶಕ್ತಿ ನುಗ್ಗುತ್ತದೆ, ಅದು ತಾನಾಗಿಯೇ ಚಾರ್ಜಿಂಗ್ ನಿಲ್ಲಿಸುತ್ತದೆ. ಆಗ ಪ್ಯಾಡಿಗೂ ಹಲಗೆಗೂ ಮಧ್ಯೆ ಪ್ಲಾಸ್ಟಿಕ್ ಬಿಲ್ಲೆ ಕೊಟ್ಟು ಅಂತರ ಹೆಚ್ಚಿಸಬೇಕು.

ನನ್ನ ಕೆಲಸದ ಮೇಜು 18 ಮಿ.ಮೀ. ಪ್ಲೈವುಡ್, ಮೇಲೆ 1 ಮಿ.ಮೀ. ಸನ್‌ಮೈಕಾ. ಒಟ್ಟು 19. ಇಲ್ಲಿ ಅಂಟಿಸುವ ಪ್ಯಾಡ್ ಕೆಲಸ ಮಾಡಿತು, ಆದರೆ ನಿಧಾನ. ಗಂಟೆಗೆ ಹೆಚ್ಚುಕಮ್ಮಿ ಶೇ. 20 ಚಾರ್ಜ್. ಇಡೀ ದಿನ ಫೋನ್ ಮೇಜಿನ ಮೇಲೇ ಬಿದ್ದಿರುವವರಿಗೆ ಇದು ಸಾಕು. ಹೊರಡುವ ಅರ್ಧ ಗಂಟೆ ಮೊದಲು ಚಾರ್ಜ್‌ಗೆ ಇಡುವವರಿಗೆ ಸಾಲದು.

ನಿಧಾನಕ್ಕಿಂತ ದೊಡ್ಡ ತೊಂದರೆ ಜಾಗ ಹುಡುಕುವುದು. ಫೋನ್ ಒಂದು ಸೆಂಟಿಮೀಟರ್ ಆಚೀಚೆ ಆದರೂ ಸಂಪರ್ಕ ತಪ್ಪುತ್ತದೆ. ಅದು ಸಾಲದು ಅಂತ, ಮೆಸೇಜು ಬಂದು ಫೋನ್ ವೈಬ್ರೇಟ್ ಆದಾಗೆಲ್ಲ ನುಣುಪಾದ ಸನ್‌ಮೈಕಾ ಮೇಲೆ ಚೂರು ಚೂರೇ ಜರುಗುತ್ತದೆ. ಬೆಳಿಗ್ಗೆ ಸರಿಯಾಗಿ ಇಟ್ಟಿದ್ದು ಮಧ್ಯಾಹ್ನದ ಹೊತ್ತಿಗೆ ನಿಂತಿರುತ್ತದೆ. ಪ್ಯಾಡಿನ ದೀಪ ಮೇಜಿನ ಅಡಿಯಲ್ಲಿರುವುದರಿಂದ ಕಾಣುವುದೂ ಇಲ್ಲ. ತೆಳು ಚರ್ಮದ ಚೌಕವೊಂದನ್ನು ಆ ಜಾಗದಲ್ಲಿ ಇಟ್ಟ ಮೇಲೆ ಜರುಗುವುದು ನಿಂತಿತು. ಜಾಗವೂ ಕೈಗೆ ಸಿಗುವಂತಾಯಿತು. ಆದರೆ ಏನೂ ಕಾಣಬಾರದು ಅನ್ನುವ ಆಸೆಯನ್ನು ಅಷ್ಟರ ಮಟ್ಟಿಗೆ ಬಿಟ್ಟುಕೊಟ್ಟ ಹಾಗಾಯಿತು, ಅಲ್ವಾ?

ಬೀಟೆ ಮೇಜಿನ ಹಲಗೆ 25 ಮಿ.ಮೀ. ಅಲ್ಲಿ ಕವರು ತೆಗೆದರೆ ಮಾತ್ರ ಚಾರ್ಜ್ ಹಿಡಿಯುತ್ತಿತ್ತು. ಜಾಗದ ಸಡಿಲಿಕೆ ಅರ್ಧ ಸೆಂಟಿಮೀಟರೂ ಇಲ್ಲ. 30 ಮಿ.ಮೀ.ವರೆಗೆ ಅನ್ನುವ ಮಾತನ್ನು ನಾನು 20 ಅಂತಲೇ ಓದಿಕೊಳ್ಳುತ್ತೇನೆ. ಅದಕ್ಕಿಂತ ದಪ್ಪಕ್ಕೆ ಈ ದಾರಿ ಹಿಡಿಯಬೇಡಿ.

ಅಂಟಿಸುವ ಮೊದಲು ಇದೊಂದು ಮಾಡಿ. ಪ್ಯಾಡನ್ನು ಅಡಿಯಲ್ಲಿ ಕೈಯಲ್ಲಿ ಹಿಡಿದುಕೊಂಡು, ಮೇಲೆ ಫೋನನ್ನು ನಿಧಾನಕ್ಕೆ ಎಡಕ್ಕೆ ಸರಿಸಿ, ಚಾರ್ಜ್ ನಿಲ್ಲುವ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ. ಹಾಗೇ ಬಲ, ಮೇಲೆ, ಕೆಳಗೆ. ನಾಲ್ಕು ಗುರುತುಗಳ ನಡುಮಧ್ಯವೇ ಸರಿಯಾದ ಜಾಗ. ಆಮೇಲೆ ಅಡಿಭಾಗದ ಧೂಳು, ಮರದ ಹೊಟ್ಟು ಚೆನ್ನಾಗಿ ಒರೆಸಿ. ಮೇಜಿನ ಅಡಿಗೆ ಸಾಮಾನ್ಯವಾಗಿ ಪಾಲಿಶ್ ಇರುವುದಿಲ್ಲ. ಒರಟು ಪ್ಲೈವುಡ್ಡಿಗೆ ಡಬಲ್ ಸೈಡ್ ಟೇಪ್ ಒಂದೇ ಆದರೆ ಪ್ಯಾಡಿನ ಬಿಸಿಗೆ ಬಿಟ್ಟುಕೊಳ್ಳುತ್ತದೆ. ಜೊತೆಗೆ ಚಿಕ್ಕ ಸ್ಕ್ರೂ ಹಾಕಿ. ಸ್ಕ್ರೂವಿನ ಉದ್ದ ಹಲಗೆಯ ದಪ್ಪಕ್ಕಿಂತ ಕಡಿಮೆ ಇದೆಯಾ ಅಂತ ಹಲಗೆಯ ಪಕ್ಕದಲ್ಲಿ ಹಿಡಿದು ನೋಡಿಕೊಳ್ಳಿ.

ಬಾಡಿಗೆ ಮನೆ, ಮಾಲೀಕರ ಮೇಜು, ಹಳೆಯ ಕಾಲದ ಮರ, ಇಂಥ ಕಡೆ ಇದೇ ದಾರಿ. ಬೀಟೆ ಮೇಜಿಗೆ ಯಾವ ಮಷೀನೂ ಮುಟ್ಟಲು ನಾನು ಬಿಡುವುದಿಲ್ಲ. ಅಂಥ ಮರ ಮತ್ತೆ ಸಿಗುವುದಿಲ್ಲ. ಆದರೆ ಅದರ 25 ಮಿ.ಮೀ. ದಪ್ಪಕ್ಕೆ ಅಂಟಿಸುವುದೂ ಒಗ್ಗಲಿಲ್ಲ, ಅಲ್ಲಿಂದ ಪ್ಯಾಡ್ ತೆಗೆದುಬಿಟ್ಟೆ.

ಕೊರೆಯುವ ದಾರಿ

ತೇಗದ ಟೀಪಾಯಿಯ ಹಲಗೆ 20 ಮಿ.ಮೀ. ದಪ್ಪ. ಇದನ್ನು ನಮ್ಮ ಆಚಾರ್ರು ಕೊರೆದುಕೊಟ್ಟರು. ನನಗೆ ತುಂಬಾ ಹಿಡಿಸಿದ ಕೆಲಸ ಇದೇ.

ಟೀಪಾಯಿಯನ್ನು ಕಂಬಳಿಯ ಮೇಲೆ ಬೋರಲು ಹಾಕಿದರು. ಪ್ಯಾಡನ್ನೇ ಇಟ್ಟು ಸುತ್ತ ಗೆರೆ ಎಳೆದು, ಅದಕ್ಕಿಂತ ಒಂದೆರಡು ಮಿ.ಮೀ. ಅಗಲಕ್ಕೆ ಇನ್ನೊಂದು ಗೆರೆ ಹಾಕಿದರು. ಆಮೇಲೆ ಪ್ಲೈವುಡ್ ತುಂಡಿನಲ್ಲಿ ಅದೇ ಅಳತೆಯ ದುಂಡು ಕಿಂಡಿ ಮಾಡಿ, ಅದನ್ನು ಹಲಗೆಗೆ ಬಿಗಿದು, ಕಿಂಡಿಯೊಳಗೆ ಮರ ಕೊರೆಯುವ ರೂಟರ್ ಮಷೀನು ಓಡಿಸಿದರು. ಒಂದೇ ಸಲ ಆಳಕ್ಕೆ ಇಳಿಸಲಿಲ್ಲ. ಪ್ರತಿ ಸುತ್ತಿಗೆ ಎರಡು ಮೂರು ಮಿ.ಮೀ. ಅಷ್ಟೇ. ಪ್ರತಿ ಸುತ್ತು ಮುಗಿದಾಗ ಹೊಟ್ಟು ಊದಿ, ಗುಳಿಯ ಮೇಲೆ ನೇರ ಪಟ್ಟಿ ಅಡ್ಡ ಇಟ್ಟು, ಸ್ಕೇಲು ಇಳಿಸಿ ಆಳ ನೋಡುತ್ತಿದ್ದರು. 12 ಮಿ.ಮೀ. ದಾಟಿದ ಮೇಲೆ ಮಷೀನಿನ ಸದ್ದೇ ಬೇರೆಯಾಯಿತು. ಗುಂಯ್ ಅನ್ನುತ್ತಿದ್ದದ್ದು ತೆಳುವಾಗಿ, ಟೊಳ್ಳಾಗಿ ಕೇಳತೊಡಗಿತು. 16ಕ್ಕೆ ನಿಲ್ಲಿಸಿದರು. ಮೇಲೆ ಉಳಿದ ಮರ 4 ಮಿ.ಮೀ. ಕೊನೆಗೆ ಹೆಬ್ಬೆರಳಿನಿಂದ ಗುಳಿಯ ನಡುವೆ ಒತ್ತಿ ನೋಡಿದರು. ಬಗ್ಗಲಿಲ್ಲ. ಇನ್ನೂ ಒಂದು ಮಿ.ಮೀ. ತೆಗೆಯಬಹುದಿತ್ತು, ಆದರೆ ಟೀಪಾಯಿ ಮೇಲೆ ಮಕ್ಕಳು ಕೂರುತ್ತಾರೆ. 4 ಸಾಕು.

ಪ್ಯಾಡಿನ ಮುಖ ಮರಕ್ಕೆ ಪೂರ್ತಿ ತಾಗಿರಬೇಕು. ಮಧ್ಯೆ ಅರ್ಧ ಮಿ.ಮೀ. ಗಾಳಿ ಉಳಿದರೂ ಅಷ್ಟು ಅಂತರ ಸುಮ್ನೆ ಹಾಳು. ಹಿಂದಿನಿಂದ ಚಿಕ್ಕ ಸ್ಪಂಜು ಕೊಟ್ಟು, ಅಡ್ಡಕ್ಕೊಂದು ಮರದ ಪಟ್ಟಿ, ಎರಡು ಸ್ಕ್ರೂ. ಅಂಟು ಹಾಕಲೇಬೇಡಿ. ಪ್ಯಾಡು ಇಂದಲ್ಲ ನಾಳೆ ಕೆಡುತ್ತದೆ, ಪದ್ಧತಿಯೂ ಬದಲಾಗುತ್ತದೆ. ಟೀಪಾಯಿಯ ಆಯಸ್ಸು ಅವೆರಡಕ್ಕಿಂತ ದೊಡ್ಡದು. ಸ್ಕ್ರೂ ಬಿಚ್ಚಿದರೆ ಪ್ಯಾಡು ಕೈಗೆ ಬರುವಂತಿರಬೇಕು. ಪಟ್ಟಿಯ ಆಚೀಚೆ ಗುಳಿ ತೆರೆದೇ ಇರಲಿ, ಬಿಸಿ ಹೊರಗೆ ಹೋಗಲು ಅದೇ ದಾರಿ.

ಫಲ ಕಣ್ಣಿಗೆ ಕಾಣುತ್ತದೆ. ಅದೇ ಫೋನು, ತೆಳು ಕವರು ಇದ್ದಂತೆಯೇ, ಗಂಟೆಗೆ ಶೇ. 30ಕ್ಕಿಂತ ಮೇಲೆ ಏರಿತು. ಒಂದೂವರೆ ಸೆಂಟಿಮೀಟರ್ ಆಚೀಚೆ ಇಟ್ಟರೂ ಹಿಡಿಯಿತು. ಫೋನಿನ ಬೆನ್ನು ಬೆಚ್ಚಗಾಗುತ್ತದೆ, ಸುಡುವುದಿಲ್ಲ. ಖರ್ಚೂ ಕಡಿಮೆಯೇ. ಮಾಮೂಲಿ ಪ್ಯಾಡಿಗೆ ಲಾಂಗ್ ಡಿಸ್ಟೆನ್ಸ್ ಚಾರ್ಜರಿಗಿಂತ ಕಡಿಮೆ ಬೆಲೆ. ಉಳಿದ ದುಡ್ಡು ಆಚಾರ್ರ ಕೂಲಿಗೆ ಹೋಯಿತು. ಆ ದುಡ್ಡು ಸರಿಯಾದ ಕೈಗೇ ಸೇರಿತು ಅನ್ನುವುದು ನನ್ನ ಭಾವನೆ.

ಎಲ್ಲ ಹಲಗೆಯನ್ನೂ ಹೀಗೆ ಕೊರೆಯಲಾಗುವುದಿಲ್ಲ. ಪಾರ್ಟಿಕಲ್ ಬೋರ್ಡು ತೆಳುವಾದಂತೆ ಉದುರುತ್ತದೆ. ಅಗ್ಗದ ಪ್ಲೈವುಡ್ಡಿನ ಪದರಗಳ ಮಧ್ಯೆ ಟೊಳ್ಳು ಇರುತ್ತದೆ, 4 ಮಿ.ಮೀ. ಉಳಿಸಿದೆವು ಅಂದುಕೊಂಡ ಕಡೆ ಎರಡೇ ಉಳಿದಿರಬಹುದು. ಒಣಗದ ಮರವಂತೂ ಬೇಡವೇ ಬೇಡ. ಮಲೆನಾಡಿನ ಮಳೆಗಾಲದಲ್ಲಿ ಹಲಗೆ ನೀರು ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ದಪ್ಪ ಹಲಗೆ ತಡೆದುಕೊಂಡರೂ 4 ಮಿ.ಮೀ. ಉಳಿದ ಜಾಗದಲ್ಲಿ ಅದು ಉಬ್ಬಾಗಿ ಕಾಣುತ್ತದೆ. ಚೆನ್ನಾಗಿ ಹದವಾದ ತೇಗ ಈ ಆಟ ಕಡಿಮೆ ಆಡುತ್ತದೆ.

ತೂತು ಹೊಡೆಯುವ ದಾರಿ

ಇದರ ಬಗ್ಗೆ ಹೇಳಲು ಹೆಚ್ಚಿಲ್ಲ. 60 ಅಥವಾ 80 ಮಿ.ಮೀ. ಹೋಲ್ ಸಾ (ದುಂಡಗೆ ಕತ್ತರಿಸುವ ಗರಗಸ) ಹಾಕಿ ತೂತು ಹೊಡೆದು, ಚಾರ್ಜರ್ ಇಳಿಸಿ, ಅಡಿಯಿಂದ ನಟ್ಟು ತಿರುಗಿಸಿದರೆ ಮುಗಿಯಿತು. ಫೋನಿಗೂ ಚಾರ್ಜರಿಗೂ ಮಧ್ಯೆ ಮರವೇ ಇಲ್ಲ, ಹಾಗಾಗಿ ಮೂರರಲ್ಲಿ ವೇಗ ಇದರದ್ದೇ. ದಪ್ಪದ ಚಿಂತೆಯೂ ಇಲ್ಲ. ಆದರೆ ಬಚ್ಚಿಟ್ಟ ಹಾಗೆ ಆಗುವುದಿಲ್ಲ. ಕಪ್ಪು ಬಿಲ್ಲೆ ಕಣ್ಣಿಗೆ ಹೊಡೆಯುತ್ತದೆ. ಅದರ ಸುತ್ತಿನ ಸಂದಿನಲ್ಲಿ ಧೂಳು, ಚಹಾ ಹನಿ, ಬಿಸ್ಕತ್ತಿನ ಪುಡಿ ಸೇರುತ್ತದೆ. ನಾಳೆ ಬೇಡ ಅನ್ನಿಸಿದರೆ ಆ ತೂತು ಮುಚ್ಚಲು ಪ್ಲಾಸ್ಟಿಕ್ ಮುಚ್ಚಳವೇ ಗತಿ. ವೈರ್ ಇಳಿಸಲು ಮೊದಲೇ ತೂತು ಮಾಡಿರುವ ಮೇಜಿದ್ದರೆ ಅದೇ ಜಾಗಕ್ಕೆ ಕೂರಿಸಿ. ಹೊಸದಾಗಿ ಹೊಡೆಯುವಷ್ಟು ಬೆಲೆ ನನಗೆ ಇದರಲ್ಲಿ ಕಾಣಲಿಲ್ಲ.

ಆಯಸ್ಕಾಂತ, ಬಿಸಿ, ಕಬ್ಬಿಣ

2020ರ ಐಫೋನ್ 12ರ ಜೊತೆ, ಫೋನನ್ನು ಆಯಸ್ಕಾಂತದ ಬಳೆಯಿಂದ ಪ್ಯಾಡಿಗೆ ಹಿಡಿದಿಡುವ ಮ್ಯಾಗ್‌ಸೇಫ್ ಬಂತು. 2023ರಲ್ಲಿ ಕ್ಯೂಐ ಪದ್ಧತಿಯ ಹೊಸ ರೂಪ ಕ್ಯೂಐ2 ಅದೇ ಆಯಸ್ಕಾಂತದ ಬಳೆಯನ್ನು ಎಲ್ಲರಿಗೂ ತೆರೆಯಿತು. ಮರದಡಿಯೂ ಫೋನ್ ತಾನಾಗಿ ಜಾಗಕ್ಕೆ ಎಳೆದುಕೊಳ್ಳುತ್ತದೆ ಅಂತ ನಂಬಿ ಅಂಥ ಪ್ಯಾಡ್ ತರುವವರಿದ್ದಾರೆ. ತೇಗದ ಗುಳಿಯಲ್ಲಿ ಇಟ್ಟು ನೋಡಿದೆ. 4 ಮಿ.ಮೀ. ಆಚೆಯಿಂದ ಸೆಳೆತ ಬೆರಳಿಗೆ ಗೊತ್ತಾಗುತ್ತದೆ, ಫೋನನ್ನು ಹಿಡಿದಿಡುವಷ್ಟು ಇರುವುದಿಲ್ಲ. ಅದರ 15 ವ್ಯಾಟ್ ಆಸೆಯೂ ಮರದಡಿ ನಡೆಯುವುದಿಲ್ಲ. ಮರಕ್ಕೆ ಹಳೆಯ ಬಗೆಯ ಮಾಮೂಲಿ ಪ್ಯಾಡೇ ಸರಿ.

ಬಿಸಿಯ ವಿಷಯದಲ್ಲಿ ರಾಜಿ ಬೇಡ. ವೈರಿನಲ್ಲಿ ಹೋಗುವುದಕ್ಕಿಂತ ಇಲ್ಲಿ ನಷ್ಟ ಜಾಸ್ತಿ. ನಷ್ಟವಾದದ್ದೆಲ್ಲ ಬಿಸಿಯಾಗುತ್ತದೆ, ಅಂತರ ಹೆಚ್ಚಿದಷ್ಟೂ ಅದೂ ಹೆಚ್ಚುತ್ತದೆ. ಮರ ಬಿಸಿಯನ್ನು ಬೇಗ ಬಿಟ್ಟುಕೊಡುವುದಿಲ್ಲ. ಐಫೋನ್ ಬಳಸಲು ಆಪಲ್ ಹೇಳುವ ವಾತಾವರಣ 0ಯಿಂದ 35 ಡಿಗ್ರಿ. ಮೇ ತಿಂಗಳ ರಾಯಚೂರು, ಕಲಬುರಗಿಯಲ್ಲಿ ಹಗಲು 40 ದಾಟುತ್ತದೆ. ಅಲ್ಲಿ ಮಧ್ಯಾಹ್ನ ಲಾಂಗ್ ಡಿಸ್ಟೆನ್ಸ್ ಪ್ಯಾಡಿನ ಮೇಲೆ ಇಟ್ಟ ಫೋನು ಬಿಸಿಯಾಗಿ ಚಾರ್ಜ್ ನಿಲ್ಲಿಸಿದರೆ ಅದು ಬ್ಯಾಟರಿಯನ್ನು ಕಾಪಾಡಿಕೊಳ್ಳುತ್ತಿದೆ ಅಂತಲೇ ಅರ್ಥ. ನಮ್ಮ ಗೋಡೆಯ ಪ್ಲಗ್ಗಿಗೆ ಸ್ವಿಚ್ ಇರುತ್ತದಲ್ಲ, ಬೇಡದಾಗ ಆರಿಸಿ. ಸ್ವಿಚ್ ಕೈಗೆ ಸಿಗುವ ಕಡೆಗೇ ವೈರ್ ಎಳೆಯಿರಿ.

ಹಲಗೆಯ ಅಡಿ ಕಬ್ಬಿಣದ ಫ್ರೇಮು ಹಾದುಹೋಗಿದ್ದರೆ ಅದರಿಂದ ದೂರ ಸರಿಯಿರಿ. ಕ್ಷೇತ್ರ ಲೋಹಕ್ಕೆ ತಾಗಿದರೆ ಲೋಹ ಕಾಯುತ್ತದೆ, ಫೋನಿಗೆ ಸಿಗುವುದು ಕಡಿಮೆಯಾಗುತ್ತದೆ. ಕವರಿನೊಳಗೆ ಎಟಿಎಂ ಕಾರ್ಡು, ಮೆಟ್ರೋ ಕಾರ್ಡು ಸಿಕ್ಕಿಸಿಕೊಳ್ಳುವವರು ತೆಗೆದಿಟ್ಟು ಚಾರ್ಜ್ ಮಾಡಿ. ಹಾಸಿಗೆಯ ಪಕ್ಕದ ಮೇಜಿಗೆ ಹಾಕುವ ಮೊದಲು ಮನೆಯಲ್ಲಿ ಯಾರಿಗಾದರೂ ಪೇಸ್‌ಮೇಕರ್ ಇದೆಯಾ ನೋಡಿ. ಚಾರ್ಜ್ ಆಗುತ್ತಿರುವ ಫೋನು ಮತ್ತು ಚಾರ್ಜರನ್ನು ಅಂಥ ಸಾಧನದಿಂದ 30 ಸೆಂ.ಮೀ.ಗಿಂತ ದೂರ ಇಡಬೇಕೆಂದು ಆಪಲ್ ಹೇಳುತ್ತದೆ. ಬಚ್ಚಿಟ್ಟ ಚಾರ್ಜರ್ ಇರುವುದು ಮನೆಗೆ ಬಂದವರಿಗೆ ಗೊತ್ತಾಗುವುದಿಲ್ಲ, ಹೇಳಬೇಕಾದವರು ನಾವೇ.

ಹೊಸದಾಗಿ ಮಾಡಿಸುವವರಿಗೆ

ಪ್ಲೈವುಡ್ ಮೇಜನ್ನು ಹೊಸದಾಗಿಯೇ ಮಾಡಿಸುತ್ತಿದ್ದರೆ ಕೊರೆಯುವ ಗೋಜೇ ಬೇಡ. 18 ಮಿ.ಮೀ. ಒಂದೇ ಹಲಗೆಯ ಬದಲು 12 ಮಿ.ಮೀ. ಮೇಲೆ 4 ಮಿ.ಮೀ. ಹಾಳೆ ಕೂಡಿಸಲು ಹೇಳಿ. ಕೂಡಿಸುವ ಮೊದಲು ಕೆಳಗಿನ 12ರ ಹಲಗೆಯಲ್ಲಿ ಪ್ಯಾಡಿನ ಅಳತೆಗೆ ದುಂಡು ಕಿಂಡಿ ಕತ್ತರಿಸಿಕೊಳ್ಳಲಿ. ವೈರ್ ಹೋಗಲು ಅಲ್ಲಿಂದ ಹಿಂದಿನ ಅಂಚಿನವರೆಗೆ ಒಂದು ಸಣ್ಣ ತೋಡು ಕೊರೆಯಲಿ. ಮೇಲೆ ಸನ್‌ಮೈಕಾ ಕೂತ ಮೇಲೆ ಫೋನಿಗೂ ಪ್ಯಾಡಿಗೂ ಮಧ್ಯೆ ಸುಮಾರು 5 ಮಿ.ಮೀ. ಉಳಿಯುತ್ತದೆ. ಹಲಗೆ ಒತ್ತುವಾಗ ಕಿಂಡಿಯೊಳಗೆ ಅದೇ ಅಳತೆಯ ತುಂಡನ್ನು ಪೇಪರ್ ಸುತ್ತಿ ಇಟ್ಟಿರಬೇಕು, ಇಲ್ಲದಿದ್ದರೆ ಆ ಜಾಗ ಒಳಕ್ಕೆ ಕುಸಿದುಕೊಂಡು ಅಂಟುತ್ತದೆ. ಅಂಟು ಒಣಗಿದ ಮೇಲೆ ಅಡಿಯಿಂದ ತಟ್ಟಿದರೆ ತುಂಡು ಬಿದ್ದುಬಿಡುತ್ತದೆ.