ಸಿರಿಂಜ್ ಜೊತೆ ಗಿಳಿಮರಿ ಕೊಡ್ತೀವಿ ಅಂದರೆ ತರಬೇಡಿ

ಕಣ್ಣು ಇನ್ನೂ ಕಪ್ಪಗಿರುವ, ಮೈಮೇಲೆ ಮುಳ್ಳಿನಂಥ ಎಳೆ ಪುಕ್ಕ ಇರುವ, ಆಫ್ರಿಕನ್ ಗ್ರೇ ಅನ್ನೋ ಬೂದು ಗಿಳಿಯ ಮರಿ. ಅದರ ಜೊತೆ ಒಂದು ಸಿರಿಂಜ್, ನೀರಲ್ಲಿ ಕಲಸಿ ಮರಿಗೆ ಉಣಿಸುವ ಅರ್ಧ ಡಬ್ಬಿ ಪುಡಿ. "ನೀವೇ ಉಣಿಸ್ರಿ, ನಿಮ್ಮನ್ನೇ ಹಚ್ಕೊಳ್ತದ" ಅನ್ನೋ ಮಾತು. ಇಷ್ಟೂ ಸೇರಿ ನಿಮ್ಮ ಮುಂದೆ ಬಂದರೆ ದಯವಿಟ್ಟು ದುಡ್ಡು ಕಳಿಸಬೇಡಿ. ನಾನು ಕಳಿಸಿದ್ದೆ. 32,000 ರೂಪಾಯಿ, ಅದರಲ್ಲಿ ಅರ್ಧ ಮುಂಗಡ.

ಇದು 2023ರ ಡಿಸೆಂಬರ್ ಮಾತು. ನಾನು ಕಲಬುರಗಿಯ ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುವವನು. ಮಗಳು ಮೊಬೈಲ್‌ನಲ್ಲಿ ಮಾತಾಡುವ ಗಿಳಿಗಳ ವಿಡಿಯೋ ನೋಡಿ ನೋಡಿ ಹಟ ಹಿಡಿದಿದ್ದಳು. ನಮ್ಮ ಹಸಿರು ಗಿಣಿ ಸಾಕೋದು ಕಾನೂನಿಗೆ ವಿರುದ್ಧ ಅಂತ ನನಗೆ ಗೊತ್ತಿತ್ತು. ಹೊರದೇಶದ ಹಕ್ಕಿ ಆದರೆ ತೊಂದರೆ ಇಲ್ಲ ಅಂತ ಯಾರೋ ಹೇಳಿದ್ದರು. ಅದೂ ಅರ್ಧ ಸತ್ಯ, ಮುಂದೆ ಹೇಳುತ್ತೇನೆ.

ಮಾರುವವನು ಸಿಕ್ಕಿದ್ದು ವಾಟ್ಸಾಪ್‌ನಲ್ಲಿ. ಊರು ಹೈದರಾಬಾದ್ ಅಂದ. ದಖ್ನಿಯಲ್ಲಿ ಭಾಳ ಪ್ರೀತಿಯಿಂದ ಮಾತಾಡುತ್ತಿದ್ದ. ತಾನೇ ತಿನ್ನುವ ನಾಲ್ಕು ತಿಂಗಳ ಮರಿ ಇದೆಯಾ ಅಂತ ನಾನು ಕೇಳಿದ್ದೆ. ಆಗ ಅವನು ಹೇಳಿದ್ದು: "ಭಾಯ್, ಬಡಾ ಬಚ್ಚಾ ಲೇಕೆ ಕ್ಯಾ ಕರೇಂಗೇ? ಹಾಥ್ ಸೇ ಖಿಲಾಯೇ ತೋ ಹೀ ಅಪ್ನಾ ಹೋತಾ." ಅಂದರೆ ದೊಡ್ಡದನ್ನು ತಂದು ಏನು ಮಾಡ್ತೀರಿ, ಕೈಯಾರೆ ಉಣಿಸಿದರೆ ಮಾತ್ರ ನಮ್ಮದಾಗೋದು ಅಂತ. ಮಾತು ಎಷ್ಟು ಚೆಂದ ಇತ್ತು ಅಂದರೆ ನನಗೆ ಅನುಮಾನವೇ ಬರಲಿಲ್ಲ. ಮಕ್ಕಳಿಗೆ ತುತ್ತು ಉಣಿಸಿ ಬೆಳೆಸುವವರು ನಾವು, ಹೌದಲ್ವಾ ಅನ್ನಿಸಿತು.

ಮರಿ ಬಂದದ್ದು ರಾತ್ರಿ ಬಸ್ಸಿನಲ್ಲಿ. ಬೆಳಗಿನ ಐದು ಗಂಟೆಗೆ ರಿಂಗ್ ರೋಡಿನಲ್ಲಿ ನಿಂತು ಇಳಿಸಿಕೊಂಡೆ. ತೂತು ಮಾಡಿದ ರಟ್ಟಿನ ಡಬ್ಬಿ, ಒಳಗೆ ಮರದ ಹೊಟ್ಟು. ಕಲಬುರಗಿ ಅಂದರೆ ಎಲ್ಲರಿಗೂ ಬಿಸಿಲೇ ನೆನಪು. ಡಿಸೆಂಬರ್ ಬೆಳಗಿನ ಜಾವ ಇಲ್ಲಿ ಬೈಕ್ ಓಡಿಸಿದವರಿಗೆ ಗೊತ್ತು, ಕಿವಿ ಕತ್ತರಿಸುವ ಚಳಿ. ಆ ಚಳಿಯಲ್ಲಿ ಅರ್ಧ ಪುಕ್ಕದ ಮರಿ ಇಡೀ ರಾತ್ರಿ ಡಿಕ್ಕಿಯಲ್ಲಿ ಬಂದಿತ್ತು.

ಮನೆಗೆ ತಂದು ಅಡುಗೆಮನೆಯ ತಕ್ಕಡಿಯಲ್ಲಿಟ್ಟೆ. 310 ಗ್ರಾಂ. ಎರಡೂವರೆ ತಿಂಗಳು ಅಂದಿದ್ದ. ಆಮೇಲೆ ಡಾಕ್ಟರ್ ಪುಕ್ಕ ನೋಡಿ, ಆರು ವಾರ ಆಗಿದ್ದರೆ ಜಾಸ್ತಿ ಅಂದರು. ಕಾಲಿನಲ್ಲಿ ರಿಂಗ್ ಇರಲಿಲ್ಲ. ಕೇಳಿದ್ದಕ್ಕೆ "ಮರಿಗೆ ನೋವಾಗ್ತದೆ ಅಂತ ಹಾಕಿಲ್ಲ" ಅಂದ. ಬೆಸುಗೆ ಇಲ್ಲದ ಆ ಬಳೆ ಮರಿಯ ಪಾದ ಚಿಕ್ಕದಿದ್ದಾಗಲೇ ಏರಿಸಬೇಕು. ಆಮೇಲೆ ಹಾಕೋಕೆ ಬರಲ್ಲ. ಕಾಡಿನಿಂದ ಹಿಡಿದು ತಂದದ್ದಲ್ಲ, ಸಾಕಿದವರ ಬಳಿಯೇ ಹುಟ್ಟಿ ಬೆಳೆದ ಮರಿ ಅನ್ನೋದಕ್ಕೆ ಅದೊಂದು ಗುರುತು. ಅವನು ಹಾಕಿಲ್ಲ ಅಂದಾಗಲೇ ನಾನು ಎಚ್ಚರ ಆಗಬೇಕಿತ್ತು. ಮಗಳು ಅಷ್ಟರಲ್ಲಿ ಗುಂಡ ಅಂತ ಹೆಸರಿಟ್ಟಾಗಿತ್ತು.

ಮೊದಲ ಎರಡು ದಿನ ಹಬ್ಬ. ಸಿರಿಂಜ್ ಕಂಡರೆ ಸಾಕು, ತಲೆಯನ್ನು ಪಂಪಿನ ಹಾಗೆ ಮೇಲೆ ಕೆಳಗೆ ಆಡಿಸುತ್ತಾ ಗೊರಗೊರ ಅನ್ನುತ್ತಿತ್ತು. ಉಂಡ ಮೇಲೆ ಎದೆಯ ಮೇಲಿನ ಚೀಲ ಉಬ್ಬಿ, ನಿಂಬೆಕಾಯಿ ನುಂಗಿದ ಹಾಗೆ ಕಾಣುತ್ತಿತ್ತು. ಡಾಕ್ಟರ್‌ಗಳು ಅದನ್ನು ಕ್ರಾಪ್ ಅನ್ನುತ್ತಾರೆ. ಉಂಡದ್ದು ಮೊದಲು ಅಲ್ಲಿ ನಿಂತು ಆಮೇಲೆ ಹೊಟ್ಟೆಗೆ ಇಳಿಯುತ್ತದೆ. ರಾತ್ರಿ ಒಮ್ಮೆಯಾದರೂ ಆ ಚೀಲ ಪೂರ್ತಿ ಖಾಲಿ ಆಗಬೇಕು. ಇದನ್ನು ನನಗೆ ಯಾರೂ ಹೇಳಿರಲಿಲ್ಲ.

ಮೂರನೇ ದಿನ ಬೆಳಿಗ್ಗೆ ಮುಟ್ಟಿ ನೋಡಿದರೆ ಚೀಲ ಹಾಗೇ ತುಂಬಿತ್ತು. ಒತ್ತಿದರೆ ನಾದಿಟ್ಟ ಹಿಟ್ಟಿನ ಹಾಗೆ ಮೆತ್ತಗೆ. ಬಾಯಿಂದ ಹುಳಿ ವಾಸನೆ. ಮರಿಗೆ ಮೈ ಬೆಚ್ಚಗಿಲ್ಲದಿದ್ದರೆ, ಇಲ್ಲಾ ಉಣಿಸಿದ್ದು ತಣ್ಣಗಿದ್ದರೆ, ಕ್ರಾಪ್ ಕೆಲಸ ನಿಲ್ಲಿಸುತ್ತದೆ. ನಮ್ಮಲ್ಲಿ ಎರಡೂ ಆಗಿತ್ತು. ಫೋನ್ ಮಾಡಿದೆ. ಮಾರಿದವನು ಒಂದೇ ಮಾತು ಹೇಳಿದ: "ಪುಡಿ ಇನ್ನಷ್ಟು ಬಿಸಿ ಮಾಡಿ ಕೊಡ್ರಿ." ಎಷ್ಟು ಬಿಸಿ ಅಂತ ಹೇಳಲಿಲ್ಲ. ನಾನೂ ಕೇಳಲಿಲ್ಲ. ಅವನ ಕಡೆಯ ಫೋನ್ ಅದೇ. ಮುಂದೆ ನನ್ನ ನಂಬರ್ ಬ್ಲಾಕ್ ಆಯಿತು.

ಬಲ್ಬ್ ಹಾಕಿ ಪೆಟ್ಟಿಗೆ ಬೆಚ್ಚಗಿಟ್ಟೆ, ಬೆಚ್ಚನೆ ನೀರು ಕುಡಿಸಿದೆ. ಸಂಜೆಗೆ ಚೀಲ ಇಳಿಯಿತು. ದೇವರು ದೊಡ್ಡವನು ಅಂದುಕೊಂಡೆ. ಆ ರಾತ್ರಿ ಹನ್ನೊಂದಕ್ಕೆ ನಿದ್ದೆಗಣ್ಣಿನಲ್ಲಿ ಪುಡಿ ಕಲಸಿ ಮೈಕ್ರೋವೇವ್‌ನಲ್ಲಿಟ್ಟೆ. ಮೂವತ್ತು ಸೆಕೆಂಡು. ಟೀಂ ಟೀಂ ಅಂತು. ಮೇಲಿನ ಒಂದು ಹನಿ ಮುಂಗೈ ಮೇಲೆ ಬಿಟ್ಟು ನೋಡಿದೆ, ಉಗುರುಬೆಚ್ಚಗಿತ್ತು. 25 ಎಂಎಲ್ ಕೊಟ್ಟೆ.

ಮೈಕ್ರೋವೇವ್ ಎಲ್ಲ ಕಡೆ ಒಂದೇ ಸಮ ಬಿಸಿ ಮಾಡೋದಿಲ್ಲ. ಮೇಲೆ ಬೆಚ್ಚಗಿದ್ದರೂ ನಡುವೆ ಸುಡುತ್ತಿರುತ್ತದೆ. ಮರಿಗೆ ಬೇಕಾದದ್ದು 40 ಡಿಗ್ರಿ ಆಸುಪಾಸು. ಅದಕ್ಕಿಂತ ನಾಲ್ಕೈದು ಡಿಗ್ರಿ ಏರಿದರೆ ಚೀಲದ ಒಳಚರ್ಮ ಬೇಯುತ್ತದೆ. ನಮ್ಮ ಬೆರಳಿಗೆ ಆ ನಾಲ್ಕು ಡಿಗ್ರಿ ತಿಳಿಯೋದೇ ಇಲ್ಲ, ಥರ್ಮಾಮೀಟರ್ ಬೇಕು. ಗುಂಡ ಒಮ್ಮೆ ತಲೆ ಕೊಡವಿತು. ನಾನು ಹೊಟ್ಟೆ ತುಂಬಿತು ಅಂದುಕೊಂಡೆ.

ಸುಟ್ಟದ್ದು ಆಗಲೇ ಕಾಣೋದಿಲ್ಲ. ಅದೇ ಇದರ ಮೋಸ. ಎರಡು ದಿನಕ್ಕೆ ಎದೆ ಚರ್ಮ ಕೆಂಪಾಯಿತು, ಆಮೇಲೆ ಕಪ್ಪಾಗಿ ಗಟ್ಟಿಯಾಯಿತು. ಗಾಯದ ಹಕ್ಕಳೆ ಅಂದುಕೊಂಡು ಅರಿಸಿನ ಹಚ್ಚಿದೆವು. ಆರನೇ ದಿನ ಬೆಳಿಗ್ಗೆ ಉಣಿಸುತ್ತಿದ್ದೆ. ಮರಿ ನುಂಗುತ್ತಿದೆ, ನನ್ನ ಅಂಗೈ ಒದ್ದೆಯಾಗುತ್ತಿದೆ. ಎದೆ ಪುಕ್ಕ ಸರಿಸಿ ನೋಡಿದೆ. ಹಕ್ಕಳೆಯ ಅಂಚು ಬಿಟ್ಟುಕೊಂಡಿತ್ತು. ಕಡಲೆಕಾಳು ಗಾತ್ರದ ತೂತು. ನಾನು ಬಾಯಿಗೆ ಹಾಕಿದ್ದು ಅಲ್ಲಿಂದ ಹನಿ ಹನಿಯಾಗಿ ಹೊರಗೆ ಬರುತ್ತಿತ್ತು. ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಊರಲ್ಲಿ ಇಬ್ಬರು ಡಾಕ್ಟರ್‌ಗಳಿಗೆ ಫೋನ್ ಮಾಡಿದೆ. ಎಮ್ಮೆ, ನಾಯಿ ಆದರೆ ನೋಡ್ತೀವ್ರೀ, ಇಂಥ ಹಕ್ಕಿ ಕೈಯಾಡಿಸಿಲ್ಲ ಅಂತ ನೇರವಾಗಿ ಹೇಳಿದರು. ಹಾಗೆ ಹೇಳಿದ್ದಕ್ಕೆ ಇವತ್ತಿಗೂ ಅವರ ಮೇಲೆ ಗೌರವ ಇದೆ. ಬೀದರ್‌ನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇದೆಯಲ್ಲ, ಆ ಊರಲ್ಲಿ ಹಕ್ಕಿ ನೋಡುವ ಒಬ್ಬರಿದ್ದಾರೆ ಅಂತ ಗೊತ್ತಾಯಿತು. ಗೆಳೆಯನ ಕಾರು, ಟವೆಲಿನಲ್ಲಿ ಸುತ್ತಿದ ಬಿಸಿನೀರಿನ ಬಾಟಲಿ, ತೊಡೆಯ ಮೇಲೆ ಡಬ್ಬಿ. ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ಕೊಳ್ಳದೆ ನಾನು ಆ ದಾರಿ ದಾಟಿದ್ದು ಅದೊಂದೇ ಸಲ ಇರಬೇಕು. ಹುಮನಾಬಾದ್ ಬರುವ ಹೊತ್ತಿಗೆ ಮರಿ ಸದ್ದು ಮಾಡೋದನ್ನು ನಿಲ್ಲಿಸಿತ್ತು.

ಡಾಕ್ಟರ್ ನನಗೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಈಗಲೇ ಹೊಲಿಗಿ ಹಾಕಾಕ ಬರಂಗಿಲ್ರೀ. ಸತ್ತ ಚರ್ಮ ಎಲ್ಲಿಗಿ ನಿಲ್ತದ ನೋಡಬೇಕು. ಇಲ್ಲೇ ಬಿಟ್ಟು ಹೋಗ್ರಿ" ಅಂದರು. ಐದು ದಿನ ಸ್ವಲ್ಪ ಸ್ವಲ್ಪವೇ ಟ್ಯೂಬಿನಲ್ಲಿ ಉಣಿಸಿ, ಆಮೇಲೆ ಚೀಲಕ್ಕೆ ಬೇರೆ, ಮೇಲಿನ ಚರ್ಮಕ್ಕೆ ಬೇರೆ ಹೊಲಿಗೆ ಹಾಕಿದರು. ಅವರು ಉಳಿಸಿದರು. ಗುಂಡ ಬದುಕಿತು.

ಕರೆದುಕೊಂಡು ಬರಲು ಹೋದಾಗ ಅವರು ಹೇಳಿದ ಒಂದು ಮಾತು ನನ್ನ ತಲೆಯಲ್ಲಿ ಕೂತಿದೆ. ಈ ಮರಿ ತಾನೇ ತಿನ್ನೋಕೆ ಕಲಿಯಲು ಮೂರು ನಾಲ್ಕು ತಿಂಗಳು ಬೇಕು. ಅಲ್ಲಿಯವರೆಗೆ ದಿನಕ್ಕೆ ನಾಲ್ಕೈದು ಸಲ, ಬರುಬರುತ್ತಾ ಕಡಿಮೆ ಸಲ, ಯಾರಾದರೂ ಉಣಿಸಲೇಬೇಕು. ಪುಡಿ ತುಟ್ಟಿ, ನಿದ್ದೆ ಹಾಳು, ಸಾವಿನ ಭಯ ಬೇರೆ. ಆರು ವಾರಕ್ಕೆ ಮಾರಿಬಿಟ್ಟರೆ ಈ ಖರ್ಚು, ಈ ಕೆಲಸ, ಈ ಭಯ ಎಲ್ಲ ಕೊಂಡವನ ತಲೆಗೆ. ಮರಿ ಸತ್ತರೂ "ನಿಮಗೆ ಉಣಿಸೋಕೆ ಬರಲಿಲ್ಲ" ಅಂದರೆ ಮುಗೀತು. ಹಚ್ಚಿಕೊಳ್ಳೋ ಕಥೆ ಹುಟ್ಟಿದ್ದೇ ಇದಕ್ಕೆ ಅಂತ ನನಗೆ ಆಗ ಅರ್ಥ ಆಯಿತು.

ನಾನು ಆಮೇಲೆ ಓದಿದ ಇನ್ನೊಂದು ಸಂಗತಿ ಹೇಳಲೇಬೇಕು. ಮಾರುವವರೆಲ್ಲ ಅಲೆಕ್ಸ್ ಅನ್ನೋ ಗಿಳಿಯ ಹೆಸರು ಎಳೆದು ತರುತ್ತಾರೆ. ನನಗೂ ತಂದಿದ್ದ. ಅಮೆರಿಕದ ವಿಜ್ಞಾನಿ ಐರೀನ್ ಪೆಪ್ಪರ್‌ಬರ್ಗ್ ಸಾಕಿ ಕಲಿಸಿದ ಆಫ್ರಿಕನ್ ಗ್ರೇ ಅದು. ಬಣ್ಣ, ಆಕಾರ, ಎಣಿಕೆ ಹೇಳುತ್ತಿತ್ತು. 2007ರಲ್ಲಿ ತೀರಿಕೊಂಡಿತು. ಆಕೆ ಅದನ್ನು 1977ರಲ್ಲಿ ಷಿಕಾಗೋದ ಒಂದು ಅಂಗಡಿಯಿಂದ ತಂದಾಗ ಅದಕ್ಕೆ ಆಗಲೇ ಸುಮಾರು ಒಂದು ವರ್ಷ. ಸಿರಿಂಜ್ ಹಿಡಿದು ಉಣಿಸಿದ ಮರಿ ಅಲ್ಲ. ಮೂವತ್ತು ವರ್ಷ ಜೊತೆಗಿತ್ತು, ಅದೇನು ಕಡಿಮೆ ನಂಟಾ?

ನಮ್ಮ ಮನೆಯಲ್ಲಿ ನಡೆದದ್ದು ಇನ್ನೂ ಸ್ಪಷ್ಟ. ಗುಂಡನಿಗೆ ಈಗ ಎರಡು ವರ್ಷ ದಾಟಿದೆ, ಕಪ್ಪು ಕಣ್ಣು ತಿಳಿ ಹಳದಿಗೆ ತಿರುಗಿದೆ. ಅದು ಹಚ್ಚಿಕೊಂಡದ್ದು ನಮ್ಮವ್ವನನ್ನು. ಅವ್ವ ಒಂದು ದಿನವೂ ಸಿರಿಂಜ್ ಮುಟ್ಟಿಲ್ಲ. ಶುರುವಿನಲ್ಲಿ "ಆ ಹಕ್ಕಿ ಶಾಪ ಯಾಕ ತಂದಿ ಮನಿಗಿ" ಅಂತ ನನ್ನ ಜೊತೆ ಎರಡು ದಿನ ಮಾತು ಬಿಟ್ಟಿದ್ದಳು. ಆದರೆ ಮಧ್ಯಾಹ್ನ ಪಂಜರದ ಪಕ್ಕ ಕೂತು ಕಾಳು ಹಸನು ಮಾಡುತ್ತಾ ತನ್ನಷ್ಟಕ್ಕೆ ತಾನು ಮಾತಾಡುತ್ತಿರುತ್ತಾಳೆ. ಕೈ ಒಡ್ಡೋದಿಲ್ಲ, ಬಾ ಅನ್ನೋದಿಲ್ಲ. ಕಳೆದ ತೊಗರಿ ಸುಗ್ಗಿಯಲ್ಲಿ ಹಸಿ ತೊಗರಿಕಾಯಿ ನಮಗೆ ಉಪ್ಪು ಹಾಕಿ, ಅದಕ್ಕೆ ಉಪ್ಪಿಲ್ಲದೆ ಬೇರೆ ಕುದಿಸಿದ್ದಳು. ಗುಂಡ ತಾನಾಗಿ ಕೆಳಗಿಳಿದು, ಅವಳ ಮೊಣಕಾಲಿನ ಹತ್ತಿರ ನಿಂತು, ಒಂದು ಕಾಯಿಯನ್ನು ಕಾಲಿನಲ್ಲಿ ಹಿಡಿದು ಸುಲಿಯಿತು. ಅವ್ವ ನೋಡಿಯೂ ನೋಡದ ಹಾಗೆ ಇದ್ದಳು. ಈಗ ಅವಳ ಸೆರಗು ಹಿಡಿದು ಹೆಗಲೇರುತ್ತದೆ, ಕತ್ತು ಬಗ್ಗಿಸಿ ಕೆರೆಸಿಕೊಳ್ಳುತ್ತದೆ.

ನನ್ನ ಕೈಯಲ್ಲಿ ಚಮಚ ಕಂಡರೆ ಸಾಕು, ಮೈ ಸಣ್ಣ ಮಾಡಿಕೊಂಡು ಪಂಜರದ ಮೂಲೆಗೆ ಹೋಗುತ್ತದೆ. ನಾನು ಮತ್ತೆ ಮೊದಲಿಂದ ಶುರು ಮಾಡಿದ್ದೇನೆ. ದಿನಾ ಸಂಜೆ ಬರಿಗೈಲಿ ಪಕ್ಕದಲ್ಲಿ ಕೂತು ಮಿಲ್ಲಿನ ಲೆಕ್ಕ ಜೋರಾಗಿ ಓದುತ್ತೇನೆ. ಎರಡು ತಿಂಗಳಾದ ಮೇಲೆ ಬೆರಳ ತುದಿಯಿಂದ ಒಂದು ದಾಳಿಂಬೆ ಕಾಳು ತೆಗೆದುಕೊಂಡಿತು. ಸದ್ಯಕ್ಕೆ ಅಷ್ಟೇ.

ಇನ್ನು ಕಾಗದದ ವಿಷಯ. ಆಫ್ರಿಕನ್ ಗ್ರೇ ಕಾಡಿನಲ್ಲಿ ಅಳಿವಿನ ಅಂಚಿಗೆ ಬಂದಿರುವ ಹಕ್ಕಿ. ಕಾಡುಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಮೊದಲ ಪಟ್ಟಿಗೆ 2016ರಲ್ಲೇ ಸೇರಿಸಿದರು. ನಮ್ಮ ವನ್ಯಜೀವಿ ಕಾನೂನಿಗೆ 2022ರ ತಿದ್ದುಪಡಿ ಬಂದ ಮೇಲೆ ಇಂಥ ಹಕ್ಕಿ ಇಟ್ಟುಕೊಂಡವರು ನೋಂದಣಿ ಮಾಡಿಸಲೇಬೇಕು. 2024ರ ಫೆಬ್ರವರಿ 28ರ ನಿಯಮದಲ್ಲಿ ಆಗಲೇ ಇದ್ದವರಿಗೆ ಆರು ತಿಂಗಳು ಟೈಮ್ ಕೊಟ್ಟಿದ್ದರು. ನಾನು ಆಗಸ್ಟ್ ಕೊನೇ ವಾರ ಕೇಂದ್ರ ಪರಿಸರ ಇಲಾಖೆಯ ಪರಿವೇಶ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದೆ. ಮಾರಿದವನ ಬಿಲ್ ಇಲ್ಲ, ರಿಂಗ್ ನಂಬರ್ ಇಲ್ಲ, ಬರೀ ಫೋನ್‌ಪೇ ಸ್ಕ್ರೀನ್‌ಶಾಟ್ ಹಿಡಿದು ಎಷ್ಟು ಅಲೆದೆ ಅಂತ ಕೇಳಬೇಡಿ. ಈಗ ತರುವವರು ಹಕ್ಕಿ ಕೈಗೆ ಬಂದ 30 ದಿನದೊಳಗೆ ಅರ್ಜಿ ಹಾಕಬೇಕು. ಮಾರುವವನ ಬಳಿಯೇ ನೋಂದಣಿ ಇಲ್ಲದಿದ್ದರೆ ಎದ್ದು ಬನ್ನಿ.

ತರಲೇಬೇಕು ಅನ್ನುವವರು ಖುದ್ದಾಗಿ ಹೋಗಿ. ಮರಿ ತಾನೇ ಕಾಳು, ಹಣ್ಣು, ತರಕಾರಿ ತಿನ್ನೋದನ್ನು ಒಂದು ಹೊತ್ತಾದರೂ ಕೂತು ನೋಡಿ, ವಿಡಿಯೋ ನಂಬಬೇಡಿ. ಎದುರಿಗೇ ತೂಕ ಮಾಡಿಸಿ. ಬರೀ ಸೂರ್ಯಕಾಂತಿ ಬೀಜ ಹಾಕಿ ಸಾಕು ಅನ್ನುವವನ ಬಳಿ ತರಬೇಡಿ. ಈ ಜಾತಿಗೆ ಕ್ಯಾಲ್ಸಿಯಂ ಬೇಗ ಕಡಿಮೆಯಾಗಿ ಫಿಟ್ಸ್ ಬರುತ್ತದೆ. ಇದು ನಲವತ್ತು ಐವತ್ತು ವರ್ಷ ಬದುಕುವ ಹಕ್ಕಿ, ನನಗೀಗ 41. ಗುಂಡ ಮುಂದೆ ಯಾರ ಪಾಲಿಗೆ ಅಂತ ಮಗಳ ಜೊತೆ ಆಗಲೇ ಮಾತಾಗಿದೆ.

ಆ ನಂಬರಿನವನು ಇನ್ನೂ ಮಾರುತ್ತಿದ್ದಾನೆ. ಗೆಳೆಯನ ಫೋನಿನಲ್ಲಿ ಅವನ ಸ್ಟೇಟಸ್ ನೋಡಿದೆ. ಮತ್ತದೇ ಕಪ್ಪು ಕಣ್ಣಿನ ಮರಿಗಳು, ಅದೇ ಸಿರಿಂಜ್.

ಗುಂಡ ಏನು ಮಾತಾಡ್ತದ್ರೀ ಅಂತ ಬಂದವರೆಲ್ಲ ಕೇಳುತ್ತಾರೆ. ಅವ್ವನ ಹಾಗೆ "ಯಾಕ ಮಗಾ" ಅನ್ನುತ್ತದೆ. ಕುಕ್ಕರ್ ಸೀಟಿ ಹೊಡೆಯುತ್ತದೆ. ನಾನು ಅಡುಗೆಮನೆಗೆ ಕಾಲಿಟ್ಟರೆ ಮಾತ್ರ ಎರಡು ಸಲ, ಸ್ವಲ್ಪವೂ ತಪ್ಪದೆ, ಟೀಂ ಟೀಂ ಅನ್ನುತ್ತದೆ.